ಏಳೆಂಟ್ಲೆ ಐವತ್ತಾರು

ಸಂಜೆ ದೀಪ ಹಚ್ಚಿ ಹಿರಿಯರು ಲಿಂಗಪೂಜೆಗೆ ಕುಳಿತ ಹೊತ್ತಿನಲ್ಲಿ, ಪಡಸಾಲೆಯ ಇನ್ನೊಂದು ಮೂಲೆಯಿಂದ ಮಕ್ಕಳು ಮಗ್ಗಿ ಹೇಳುವ ಧ್ವನಿ ಕೇಳಿಬರುತ್ತಿದ್ದ ಮನೆಗಳು ನಮ್ಮ ಓದುಗರಲ್ಲಿ ಅನೇಕರ ನೆನಪಿನಲ್ಲಿ ಇನ್ನೂ ಇರಬಹುದು. ಎರಡೊಂದ್ಲೆ ಎರಡು ಎಂದು ಮೆಲ್ಲನೆ ಹೊರಟ ಆ ಧ್ವನಿ ಐದರ ಮಗ್ಗಿಗೆ ಬರುವಷ್ಟರಲ್ಲಿ ಹುರುಪುಗೊಂಡು, ಏಳರಲ್ಲಿ ತಗ್ಗಿ, ಎಂಟರಲ್ಲಿ ಒಬ್ಬಿಬ್ಬರ ಬಾಯಲ್ಲಿ ಮಾತ್ರ ಉಳಿದು, ಹತ್ತಕ್ಕೆ ಬಂದೊಡನೆ ಮತ್ತೆ ಎಲ್ಲರದೂ ಆಗುತ್ತಿತ್ತು. ಏಳು ಎಂಟರ ನಡುವೆ ಧ್ವನಿ ಹೊರಡಿಸದೆ ತುಟಿ ಮಾತ್ರ ಆಡಿಸುತ್ತಿದ್ದವರಲ್ಲಿ ನಾವೂ ಒಬ್ಬರು. ಪೂಜೆಯಲ್ಲಿದ್ದ ಅಜ್ಜನವರಿಗೆ ಅದು ತಿಳಿಯುತ್ತಿರಲಿಲ್ಲವೆಂದು ಆಗ ನಂಬಿದ್ದೆವು.

ಆ ದಿನಗಳು ಮತ್ತೆ ನೆನಪಾಗಲು ಕಾರಣ ನಮ್ಮ ಮೊಮ್ಮಗಳು. ನಾಲ್ಕನೆಯ ತರಗತಿಯ ಈ ಹುಡುಗಿಗೆ ಒಂದು ಮಳೆಗಾಲದಲ್ಲಿ ವಾರಕ್ಕೊಮ್ಮೆ, ಅದೂ ಗುರುವಾರವೇ, ಹೊಟ್ಟೆನೋವು ಬರತೊಡಗಿತು. ವೈದ್ಯರು ನೋಡಿ, ಮಗುವಿಗೆ ಯಾವ ರೋಗವೂ ಇಲ್ಲ, ಶಾಲೆಯಲ್ಲಿ ಗುರುವಾರ ಏನಿದೆ ಎಂದು ಕೇಳಿಕೊಳ್ಳಿರಿ ಎಂದರು. ಗುರುವಾರ ಮಗ್ಗಿ ಒಪ್ಪಿಸುವ ದಿನ. ತಪ್ಪಿದವರು ಒಂದು ತಾಸು ಕೆಳಗಿನ ತರಗತಿಯ ಮಕ್ಕಳ ಸಾಲಿನಲ್ಲಿ ಹೋಗಿ ಕುಳಿತುಕೊಳ್ಳಬೇಕಂತೆ. ಇದನ್ನು ಕೇಳಿ ನಮಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. "ನಾಲ್ಕನೆಯ ಇಯತ್ತೆಗೆ ಬಂದರೂ ಎಂಟರ ಮಗ್ಗಿ ಬಾರದೆ?" ಎಂದು ಮಗುವಿನ ಮೇಲೆಯೇ ಹರಿಹಾಯ್ದೆವು. ಹುಡುಗಿ ಅಳಲಿಲ್ಲ; ತಲೆ ತಗ್ಗಿಸಿ ತುಟಿ ಆಡಿಸಿದಳು. ಧ್ವನಿ ಇರಲಿಲ್ಲ. ಆ ತುಟಿಯನ್ನು ನೋಡಿದ ಮೇಲೆ ನಮ್ಮ ಬಾಯಿ ಕಟ್ಟಿತು.

ಮಗ್ಗಿಯೂ ಅದರ ಭಯವೂ ನಮ್ಮ ನಾಡಿನಲ್ಲಿ ಇಂದಿನವಲ್ಲ. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಅವರು 1822ರಲ್ಲಿ ತಮ್ಮ ಪ್ರಾಂತದ ಹಳ್ಳಿಶಾಲೆಗಳ ಲೆಕ್ಕ ತರಿಸಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಅವರು 1823ರಲ್ಲಿ ಬರೆದು ಕಳುಹಿಸಿದ ವರದಿ ಬಹಳ ವಿವರವಾದದ್ದು. ಆಗಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ವಿಶಾಲವಾಗಿದ್ದು ತೆಲುಗು ಸೀಮೆಯನ್ನೂ ಒಳಗೊಂಡಿತ್ತು. ಅಲ್ಲಿ ಒಟ್ಟು 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುತ್ತಿದ್ದ ಮಕ್ಕಳು 6,641. ಬೆಳಗಿನ ಆರು ಗಂಟೆಗೇ ಶಾಲೆ ಕೂಡುತ್ತಿತ್ತು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು; ಎರಡನೆಯವನ ಅಂಗೈಗೆ ಸೊನ್ನೆ; ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆ ಏಟು ಏರುತ್ತಿತ್ತು. ಹಾಗೆ ನೋಡಿದರೆ ಹುಡುಗರ ದಿನದ ಮೊದಲ ಲೆಕ್ಕ ಅಂಗೈಯ ಮೇಲೆಯೇ ಆಗಿಬಿಡುತ್ತಿತ್ತು! ಸೋಮಾರಿಯಾದವನನ್ನು ಕೈಕಟ್ಟಿ ತೊಲೆಗೆ ತೂಗುಹಾಕುವ ಶಿಕ್ಷೆಯನ್ನೂ ಕ್ಯಾಂಬೆಲ್ ಬರೆದಿದ್ದಾರೆ. ನಮ್ಮ ಹಿರಿಯರ ಬಾಯಲ್ಲಿ ‘ಕೋದಂಡ’ ಎಂಬ ಹೆಸರಿನಿಂದ ಉಳಿದುಬಂದದ್ದು ಇದೇ.

ಆದರೆ ಆ ವರದಿಯಲ್ಲಿ ನಮ್ಮ ಮನಸ್ಸನ್ನು ಹಿಡಿದ ಸಂಗತಿ ಬೇರೆ. ದಿನಕ್ಕೆ ಎರಡು ಸಲ ಮಕ್ಕಳೆಲ್ಲರೂ ಸಾಲಾಗಿ ಎದ್ದು ನಿಂತು, ದೊಡ್ಡ ಹುಡುಗನೊಬ್ಬನು ಹೇಳಿಕೊಟ್ಟಂತೆ, ಕೂಡುವ ಮಗ್ಗಿ, ಗುಣಿಸುವ ಮಗ್ಗಿ, ಅಳತೆ ತೂಕಗಳ ಕೋಷ್ಟಕ ಇವೆಲ್ಲವನ್ನೂ ಒಕ್ಕೊರಲಿನಿಂದ ಹೇಳುತ್ತಿದ್ದರು. ಹಿರಿಯ ಹುಡುಗನು ಕಿರಿಯರಿಗೆ ಕಲಿಸುವ ಈ ಏರ್ಪಾಡನ್ನು ಕ್ಯಾಂಬೆಲ್ ಮನಸಾರೆ ಹೊಗಳಿದ್ದಾರೆ. ಇಂಥದನ್ನೇ ಮದರಾಸಿನಲ್ಲಿ ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿ ಅದನ್ನು ಇಂಗ್ಲೆಂಡಿಗೂ ಒಯ್ದರು. ಬರೆಯಲು ಕಪ್ಪು ಬಳಿದ ಹಲಗೆ, ಇಲ್ಲವೆ ಗಂಜಿ ಹಾಕಿ ಇದ್ದಿಲಪುಡಿ ಬಳಿದ ಬಟ್ಟೆಯ ಕಡತ, ಬರೆಯುವುದಕ್ಕೆ ಬಳಪ, ಅಳಿಸುವುದಕ್ಕೆ ಒದ್ದೆ ಬಟ್ಟೆ. ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಪುಸ್ತಕಗಳೆಂದು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವೇಶ್ವರ ಪುರಾಣಗಳ ಹೆಸರು ಅದರಲ್ಲಿ ಬರುತ್ತವೆ. ಪುರಾಣವನ್ನು ಓದಿದ ಬಾಯಿಯೇ ಮಗ್ಗಿಯನ್ನೂ ಹೇಳುತ್ತಿತ್ತು. ನಮ್ಮ ಭಾಗದಲ್ಲಿ ಇಂಥ ಮಠ ನಡೆಸುತ್ತಿದ್ದವರು ಬಹುಮಟ್ಟಿಗೆ ಜಂಗಮರು. ಅದರಿಂದಲೇ ‘ಐಗಳು’ ಎಂದರೆ ಅಕ್ಷರ ಕಲಿಸುವವರು ಎಂಬ ಅರ್ಥ ಮನೆಮಾತಾಯಿತು. ಊರವರು ಕಾಳುಕಡಿ ಕೂಡಿಸಿ ಕೊಟ್ಟದ್ದೇ ಅವರ ಸಂಬಳ. ಕೂಲಿಮಠವೆಂಬ ಹೆಸರಿನಲ್ಲಿ ಆ ‘ಕೂಲಿ’ ಉಳಿದುಕೊಂಡಿದೆ.

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಆ 6,641 ಮಕ್ಕಳಲ್ಲಿ ಹುಡುಗಿಯರು ಕೇವಲ 60.

ನಮ್ಮ ತಂದೆಯವರ ತಾಯಿ, ನಾವು ಆಯಿ ಎಂದು ಕರೆಯುತ್ತಿದ್ದವರು, ಇದಕ್ಕಿಂತ ಎಷ್ಟೋ ಕಾಲ ಈಚಿನವರು. ಆದರೂ ಶಾಲೆಯ ಹೊಸ್ತಿಲು ತುಳಿದವರಲ್ಲ. ಅವರ ತವರುಮನೆಯ ಗೋಡೆಗೆ ಹೊಂದಿಕೊಂಡೇ ಐಗಳ ಮಠ. ಗೋಡೆಯ ಆ ಕಡೆ ಅಣ್ಣತಮ್ಮಂದಿರು ಮಗ್ಗಿ ಹೇಳುವಾಗ ಈ ಕಡೆ ಆಯಿ ಬೀಸುವ ಕಲ್ಲಿನ ಮುಂದೆ ಕುಳಿತಿರುತ್ತಿದ್ದರು. ಕಲ್ಲಿನ ಸುತ್ತಿಗೂ ಮಗ್ಗಿಯ ಲಯಕ್ಕೂ ಒಗ್ಗಿಹೋಗಿ, ಎರಡು ಮೂರು ವರ್ಷಗಳಲ್ಲಿ ಮೂವತ್ತರವರೆಗಿನ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲು, ಸವಾಯಿ, ದೀಡಗಳೂ ಅವರ ನಾಲಗೆಗೆ ಬಂದವು. ಬರೆದು ತೋರಿಸೆಂದರೆ ಒಂದಂಕಿಯೂ ಬಾರದು. ಸ್ವಾತಂತ್ರ್ಯಕ್ಕೆ ಮೊದಲು ಒಂದು ಸುಗ್ಗಿಯಲ್ಲಿ ನಮ್ಮ ಮನೆಯ ಹದಿನೇಳು ಚೀಲ ಜೋಳ, ಚೀಲಕ್ಕೆ ಒಂಬತ್ತೂವರೆ ರೂಪಾಯಿಯಂತೆ ಮಾರಾಟವಾಯಿತು. ದಲಾಲಿಯವರು ಚೀಟಿಯಲ್ಲಿ ನೂರಾ ಐವತ್ತೊಂದೂವರೆ ಎಂದು ಬರೆದು ಕಟ್ಟೆಯ ಮೇಲೆ ಹಣ ಎಣಿಸುತ್ತಿದ್ದರು. ಕದದ ಮರೆಯಲ್ಲಿ ನಿಂತಿದ್ದ ಆಯಿ ಒಳಗಿನಿಂದಲೇ ಹೇಳಿದರಂತೆ: "ಹದಿನೇಳೊಂಬತ್ಲೆ ನೂರಾ ಐವತ್ಮೂರು. ಹದಿನೇಳರ ಅರ್ಧ ಎಂಟೂವರಿ. ನೂರಾ ಅರವತ್ತೊಂದೂವರಿ ಆತು ನೋಡ್ರಿ." ದಲಾಲಿಯವರು ಮತ್ತೆ ಗುಣಿಸಿ ನೋಡಿ, ಕೈತಪ್ಪಿತು ಎಂದು ಹತ್ತು ರೂಪಾಯಿ ಸೇರಿಸಿ ಕೊಟ್ಟರು. ಅಂದಿನ ಹತ್ತು ರೂಪಾಯಿ ಎಂದರೆ ಒಂದು ಚೀಲ ಜೋಳಕ್ಕಿಂತಲೂ ಹೆಚ್ಚು. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಚೀಟಿಯೂ ಆಯಿಗೆ ಓದಿ ಹೇಳದೆ ಪೆಟ್ಟಿಗೆ ಸೇರಲಿಲ್ಲ.

ಕಾಲು ಮುಕ್ಕಾಲುಗಳ ಮಗ್ಗಿ ಎಂದೆವಲ್ಲ, ಇಂದಿನ ತಾಯಂದಿರಿಗೆ ಅದು ಹೊಸ ಮಾತಾಗಿರಬಹುದು. ಆಗ ರೂಪಾಯಿಗೆ ಹದಿನಾರು ಆಣೆ, ಮಣಕ್ಕೆ ನಾಲ್ವತ್ತು ಸೇರು. ಒಂದರ ಕಾಲುಭಾಗ ಕಾಲು. ಕಾಲಿನ ಕಾಲು ವೀಸ, ಎಂದರೆ ಹದಿನಾರರಲ್ಲೊಂದು. ವೀಸದ ಕಾಲು ಕಾಣಿ, ಎಂದರೆ ಅರವತ್ನಾಲ್ಕರಲ್ಲೊಂದು. ನಮ್ಮ ಹಿರಿಯರ ಲೆಕ್ಕ ಹತ್ತರಿಂದ ಇಳಿಯುತ್ತಿರಲಿಲ್ಲ, ನಾಲ್ಕರಿಂದ ಇಳಿಯುತ್ತಿತ್ತು. ಇದನ್ನು ಮಕ್ಕಳ ನಾಲಗೆಗೆ ತರಲು ಶಾಲೆಗಳಲ್ಲಿ ವಿಶೇಷ ಶ್ರಮ ಪಡುತ್ತಿದ್ದರೆಂದು ಕ್ಯಾಂಬೆಲ್ ಕೂಡ ಬರೆದಿದ್ದಾರೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಿ ಪಾವಕಿ, ನಿಮಕಿ, ಸವಾಯಕಿ, ದಿಡಕಿ ಎಂಬ ಮರಾಠಿ ಹೆಸರುಗಳೂ ಬಳಕೆಯಲ್ಲಿದ್ದವು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆ ಬಂದಿತು. ಹಿಂದೆಯೇ ಕಿಲೋಗ್ರಾಂ, ಮೀಟರುಗಳೂ ಬಂದವು. ಅಂಕಲಿಪಿಯ ಕೊನೆಯ ಪುಟಗಳಿಗೆ ಶಾಲೆಯಲ್ಲಿ ಕೆಲಸವಿಲ್ಲದಂತಾಯಿತು. ಸಂತೆಯಲ್ಲಿ ಮಾತ್ರ ಅವು ಸತ್ತಿಲ್ಲ. ಕಿಲೋಗೆ ಮೂವತ್ತಾರು ರೂಪಾಯಿಯ ಬದನೆಕಾಯಿಯನ್ನು ಮುಕ್ಕಾಲು ಕಿಲೋ ತೂಗಿ ಇಪ್ಪತ್ತೇಳು ಕೊಡಿರೆಂದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೇಳುವ ತಾಯಿಯನ್ನು, ಮೊಬೈಲು ತೆಗೆಯುವ ಗಿರಾಕಿಯ ಪಕ್ಕದಲ್ಲಿ ನಿಂತು ಎಷ್ಟೋ ಸಲ ನೋಡಿದ್ದೇವೆ.

ಇಂಗ್ಲೆಂಡಿನಲ್ಲಿಯೂ ಇಂಥದೇ ಕಥೆ. ಅಲ್ಲಿ ಹನ್ನೆರಡು ಪೆನ್ಸಿಗೆ ಒಂದು ಷಿಲಿಂಗ್ ಇದ್ದುದರಿಂದ ಹನ್ನೆರಡರ ಮಗ್ಗಿ ಮನೆಮನೆಯ ಮಾತಾಗಿತ್ತು. ಆ ನಾಣ್ಯ 1971ರಲ್ಲಿಯೇ ಹೋಯಿತು, ಮಗ್ಗಿ ಹೋಗಲಿಲ್ಲ. 2022ರಿಂದ ಅಲ್ಲಿನ ಸರಕಾರಿ ಶಾಲೆಗಳಲ್ಲಿ ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಹನ್ನೆರಡರವರೆಗಿನ ಮಗ್ಗಿಯ ಪರೀಕ್ಷೆಯನ್ನೇ ಕಡ್ಡಾಯ ಮಾಡಿದ್ದಾರೆ: ಇಪ್ಪತ್ತೈದು ಪ್ರಶ್ನೆಗಳು, ಒಂದೊಂದಕ್ಕೆ ಆರು ಸೆಕೆಂಡು. ಯಂತ್ರಗಳಿಗೇನೂ ಕೊರತೆಯಿಲ್ಲದ ನಾಡಿನವರೇ ಹೀಗೆ ಮಾಡಿದ್ದಾರೆಂಬುದನ್ನು, ಮಗ್ಗಿಯ ಕಾಲ ಮುಗಿಯಿತೆನ್ನುವವರು ಗಮನಿಸಬೇಕು. ಮೂರಂಕಿಯ ಭಾಗಾಕಾರದ ನಡುವೆ ಏಳೆಂಟ್ಲೆ ಎಷ್ಟೆಂದು ಹುಡುಕಲು ನಿಂತ ಮಗು, ಹುಡುಕಿ ಹಿಂದಿರುಗುವಷ್ಟರಲ್ಲಿ ಎಲ್ಲಿದ್ದೆನೆಂಬುದನ್ನೇ ಮರೆತಿರುತ್ತದೆ. ಲೆಕ್ಕ ತಿಳಿಯಲಿಲ್ಲವೆಂದು ನಾವು ತಿಳಿದುಕೊಳ್ಳುತ್ತೇವೆ. ತಿಳಿದಿರುತ್ತದೆ, ದಾರಿ ತಪ್ಪಿರುತ್ತದೆ, ಅಷ್ಟೆ.

ನಮ್ಮ ಮೊಮ್ಮಗಳ ಪ್ರಸಂಗಕ್ಕೆ ಬರೋಣ. ಆಕೆಯನ್ನು ಗದರಿಸಿದ ಆ ರಾತ್ರಿ ನಿದ್ದೆ ಬಾರದೆ, ಆಯಿ ನಮಗೆ ಹೇಗೆ ಕಲಿಸಿದರು ಎಂಬುದನ್ನು ನೆನಪಿಗೆ ತಂದುಕೊಂಡೆವು. ಶಾಲೆಯಲ್ಲಿ ಬೆತ್ತ ತಿಂದು ಬಂದ ನಮ್ಮನ್ನು ಆಯಿ ಸಾಲುಮಗ್ಗಿ ಕೇಳುತ್ತಲೇ ಇರಲಿಲ್ಲ. ಅಕ್ಕಿ ಆರಿಸುತ್ತ ಕುಳಿತು, "ನಾಲ್ವತ್ತೆಂಟು ಯಾರ್ಯಾರ ಮನ್ಯಾಗ ಅದ ಹೇಳು ನೋಡೋಣ" ಎನ್ನುತ್ತಿದ್ದರು. ಆರರ ಮನೆಯಲ್ಲಿದೆ, ಎಂಟರ ಮನೆಯಲ್ಲಿದೆ, ಹನ್ನೆರಡರ ಮನೆಯಲ್ಲಿದೆ, ಹದಿನಾರರ ಮನೆಯಲ್ಲೂ ಇದೆ. "ಐವತ್ಮೂರು?" ಎಂದು ಕೇಳಿ ನಾವು ತಡಕಾಡುವುದನ್ನು ನೋಡಿ ನಗುತ್ತಿದ್ದರು, ಪಾಪ, ಅದು ಯಾರ ಮನೆಗೂ ಹೋಗದ ಸಂಖ್ಯೆ. ಹುಣಸೆಬೀಜ ತಂದು ನಾಲ್ಕು ಸಾಲಿನಲ್ಲಿ ಏಳೇಳು ಇಡಿಸಿ, ನಮ್ಮನ್ನು ಎಬ್ಬಿಸಿ ಪಕ್ಕದಲ್ಲಿ ಕೂಡಿಸುತ್ತಿದ್ದರು. ಬೀಜಗಳು ಇದ್ದಲ್ಲಿಯೇ ಇವೆ. ಈಗ ಅವು ಏಳು ಸಾಲಿನಲ್ಲಿ ನಾಲ್ಕು ನಾಲ್ಕು.

ಮರುದಿನ ಒಂದು ಹಾಳೆಯ ಮೇಲೆ ಹತ್ತು ಹತ್ತು ನೂರು ಮನೆಗಳನ್ನು ಗೀಚಿ ಹುಡುಗಿಯ ಮುಂದಿಟ್ಟೆವು. ನೂರನ್ನು ಕಂಡೊಡನೆ ಅವಳ ಮುಖ ಬಾಡಿತು. ನಾಲ್ಕೇಳ್ಲೆ ಎಂದರೂ ಏಳ್ನಾಲ್ಕ್ಲೆ ಎಂದರೂ ಒಂದೇ ಎಂಬುದನ್ನು ಬೀಜಗಳು ತೋರಿಸಿಕೊಟ್ಟ ಮೇಲೆ, ಎರಡೆರಡು ಸಲ ಬರುವವನ್ನು ಹೊಡೆದುಹಾಕಿದೆವು. ಉಳಿದವು ಐವತ್ತೈದು. ಒಂದು, ಎರಡು, ಐದು, ಹತ್ತರ ಮಗ್ಗಿಗೆ ಹೆದರುವ ಮಗುವಿಲ್ಲ. ಅವನ್ನು ತೆಗೆದರೆ ಇಪ್ಪತ್ತೊಂದು. ಒಂಬತ್ತರದು ಬೆರಳಿನ ಆಟ: ಎರಡೂ ಕೈ ಚಾಚಿ, ಎಷ್ಟರಿಂದ ಗುಣಿಸಬೇಕೋ ಅಷ್ಟನೆಯ ಬೆರಳನ್ನು ಮಡಿಸಿದರೆ ಎಡಗಡೆ ಉಳಿದವು ಹತ್ತುಗಳು, ಬಲಗಡೆ ಉಳಿದವು ಬಿಡಿಗಳು. ಮೂರರ ಮಗ್ಗಿ ಅವಳಿಗೆ ಮೊದಲೇ ಬರುತ್ತಿತ್ತು. ಅವೂ ಹೋದವು. ಹಾಳೆಯಲ್ಲಿ ಉಳಿದ ಮನೆಗಳು ಹತ್ತೇ ಹತ್ತು. ನಾಲ್ಕನ್ನು ನಾಲ್ಕು, ಆರು, ಏಳು, ಎಂಟರಿಂದ ಗುಣಿಸಿದವು. ಆರನ್ನು ಆರು, ಏಳು, ಎಂಟರಿಂದ. ಏಳನ್ನು ಏಳು, ಎಂಟರಿಂದ. ಕೊನೆಗೆ ಎಂಟೆಂಟ್ಲೆ ಅರವತ್ನಾಲ್ಕು. ವಾರವಾರವೂ ಒಂದು ಮಗುವಿನ ಹೊಟ್ಟೆ ಹಿಂಡುತ್ತಿದ್ದ ಭೂತ ಈ ಹತ್ತು ಮನೆಗಳಲ್ಲಿ ಅಡಗಿತ್ತು. ಹುಡುಗಿ ಮತ್ತೊಮ್ಮೆ ಎಣಿಸಿ, "ಇಷ್ಟೇ ಏನಜ್ಜಾ?" ಎಂದಳು.

ಇಷ್ಟೇ ಎಂದು ಹೇಳಿದೆವಾದರೂ ಅದಕ್ಕೆ ಆರು ವಾರ ಹಿಡಿಯಿತು. ದಿನಕ್ಕೆ ಕಾಲು ತಾಸು, ದೀಪ ಹಚ್ಚಿದ ಮೇಲೆ. ಮೊದಲ ವಾರ ಎರಡು ಮನೆ, ಮುಂದಿನ ವಾರ ಮತ್ತೆರಡು. ಹಳೆಯವನ್ನು ನಡುನಡುವೆ ಕೇಳುವುದು. ತಪ್ಪಿದರೆ ಆ ದಿನ ಅದನ್ನು ಬಿಟ್ಟು ಮರುದಿನ ಕೇಳುವುದು. ಏಳೆಂಟ್ಲೆ ಮಾತ್ರ ಬಹಳ ಕಾಡಿತು. ಐದು, ಆರು, ಏಳು, ಎಂಟು ಎಂದು ಅಂಕಿಗಳನ್ನು ಸಾಲಾಗಿ ಬರೆದರೆ ಐವತ್ತಾರು ಮುಂದೆ, ಏಳೆಂಟು ಹಿಂದೆ ನಿಂತಿರುತ್ತವೆ ಎಂದು ತೋರಿಸಿದೆವು. ಅದು ಹುಡುಗಿಗೆ ರುಚಿಸಲಿಲ್ಲ. ತಾನೇ ಇನ್ನೊಂದು ದಾರಿ ಹಿಡಿದಳು: ಏಳು, ಹದಿನಾಲ್ಕು, ಇಪ್ಪತ್ತೆಂಟು, ಐವತ್ತಾರು ಎಂದು ಮೂರು ಸಲ ಇಮ್ಮಡಿ. ಮಗು ತಾನಾಗಿ ಕಂಡುಕೊಂಡ ದಾರಿ ನಮ್ಮ ಹೆದ್ದಾರಿಗಿಂತ ಮೇಲು. ಒಂದು ಎಚ್ಚರವನ್ನೂ ಇಲ್ಲಿ ಹೇಳಬೇಕು. ಮಗ್ಗಿಯನ್ನು ಬರೀ ರಾಗವಾಗಿ ಕಲಿತ ಮಗುವನ್ನು ನಡುವಿನ ಒಂದನ್ನು ಕೇಳಿದರೆ ಅದು ಮತ್ತೆ ಮೊದಲಿನಿಂದ ಹಾಡಿಕೊಂಡು ಬರುತ್ತದೆ. ರಾಗ ಬೇಡವೆಂದಲ್ಲ. ಏರುಮಗ್ಗಿಯಾದ ಮೇಲೆ ಇಳಿಮಗ್ಗಿ, ಅದಾದ ಮೇಲೆ ಅಲ್ಲೊಂದು ಇಲ್ಲೊಂದು ಕೇಳುವುದು, ಇವೆಲ್ಲ ಇದ್ದರೇ ಮಗ್ಗಿ ಬಂದಂತೆ.

ಕನ್ನಡದ ಮಕ್ಕಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಅದನ್ನು ನಾವು ಯಾರೂ ಗಮನಿಸುವುದಿಲ್ಲ. ಐವತ್ತಾರು ಎಂಬ ಮಾತಿನಲ್ಲಿಯೇ ಐವತ್ತೂ ಇದೆ, ಆರೂ ಇದೆ. ಹಿಂದಿಯ ಮಗು ‘ಛಪ್ಪನ್’ ಎಂಬುದನ್ನು ಬೇರೆಯಾಗಿಯೇ ನೆನಪಿಡಬೇಕು. ನೂರರವರೆಗೆ ಹೆಚ್ಚುಕಡಿಮೆ ಎಲ್ಲವೂ ಹಾಗೆಯೇ. ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳಾದರೂ ಮನೆಯಲ್ಲಿ ಕನ್ನಡದಲ್ಲಿ ಮಗ್ಗಿ ಹೇಳಿದರೆ ನಷ್ಟವೇನಿಲ್ಲ.

ಭಯ ಕಳೆದ ಮೇಲೆ ಮಕ್ಕಳಿಗೆ ಕೊಡಬೇಕಾದದ್ದು ಬೆರಗು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದರು. ಗುಣಾಕಾರದ ಭಾಗದಲ್ಲಿ ಅವರು ಕಂಠಾಭರಣವೆಂದು ಕರೆದ ಕೆಲವು ಲೆಕ್ಕಗಳಿವೆ; ಉತ್ತರದ ಅಂಕಿಗಳು ಕೊರಳಿನ ಹಾರದಂತೆ ಎಡದಿಂದಲೂ ಬಲದಿಂದಲೂ ಒಂದೇ ಆಗಿ ಬರುತ್ತವೆ. 12345679 ಎಂದು ಎಂಟನ್ನು ಬಿಟ್ಟು ಬರೆದು ಒಂಬತ್ತರಿಂದ ಗುಣಿಸಲು ಮಗುವಿಗೆ ಹೇಳಿರಿ. ಒಂಬತ್ತರ ಮಗ್ಗಿ ಬಂದರೆ ಸಾಕು. ಉತ್ತರದಲ್ಲಿ ಒಂಬತ್ತು ಒಂದುಗಳು ಸಾಲಾಗಿ ಬಂದು ನಿಲ್ಲುತ್ತವೆ. 142857143ನ್ನು ಏಳರಿಂದ ಗುಣಿಸಿದರೆ ಎರಡು ತುದಿಗೆ ಒಂದೊಂದು, ನಡುವೆ ಎಂಟು ಸೊನ್ನೆ. ಕನ್ನಡದಲ್ಲಿಯೇ ಗಣಿತ ಹೇಳಿದ ರಾಜಾದಿತ್ಯನ ‘ವ್ಯವಹಾರಗಣಿತ’ ಹುಟ್ಟಿದ್ದು ಹನ್ನೆರಡನೆಯ ಶತಮಾನದಲ್ಲಿ, ಎಂದರೆ ಬಸವಾದಿ ಶರಣರ ಶತಮಾನದಲ್ಲಿ. ನಮ್ಮ ಅಜ್ಜನವರಿಗೆ ಇವಾವುವೂ ತಿಳಿದಿರಲಿಲ್ಲ. ಅವರು ಆರರ ಮಗ್ಗಿಗೆ ಬಂದಾಗ ಷಟ್‌ಸ್ಥಲವನ್ನು ತರುತ್ತಿದ್ದರು. ಆರಾರ್ಲೆ ಮೂವತ್ತಾರು, ಮೂವತ್ತಾರಾರ್ಲೆ ಇನ್ನೂರಹದಿನಾರು, ಇನ್ನೂರಹದಿನಾರು ಸಕೀಲ ಎಂದು ಹೇಳಿ ನಮ್ಮ ಕಡೆ ನೋಡುತ್ತಿದ್ದರು. ಸಕೀಲವೆಂದರೇನೆಂದು ನಮಗೆ ಆಗ ತಿಳಿಯಲಿಲ್ಲ. ಮೂವತ್ತಾರಾರ್ಲೆ ಮಾತ್ರ ಇಂದಿಗೂ ಮರೆತಿಲ್ಲ.

ಶಾಲೆಯ ವಿಚಾರವನ್ನೂ ಹೇಳಿಬಿಡುತ್ತೇವೆ. ಮಕ್ಕಳನ್ನು ಹೊಡೆಯುವುದನ್ನೂ ಅವರ ಮನಸ್ಸನ್ನು ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಹುಡುಗಿಯ ತಂದೆ ಅದರ ಪ್ರತಿಯನ್ನು ಹಿಡಿದು ಜಗಳಕ್ಕೆ ಸಿದ್ಧನಾಗಿದ್ದ. ನಾವು ತಡೆದು, ಹತ್ತು ಮನೆಗಳು ಉಳಿದಿದ್ದ ಆ ಹಾಳೆಯನ್ನೇ ಒಯ್ದು ಗುರುಮಾತೆಯವರಿಗೆ ತೋರಿಸಿದೆವು. ಐವತ್ತು ಮಕ್ಕಳ ತರಗತಿ, ಆ ತಾಯಿ ಒಬ್ಬರೇ. ಹಾಳೆಯನ್ನು ಬಹಳ ಹೊತ್ತು ನೋಡಿ, ಒಂದು ಪ್ರತಿ ಮಾಡಿಕೊಳ್ಳಬಹುದೇ ಎಂದು ಕೇಳಿದರು. ಗುರುವಾರದ ಸಾಲು ನಿಂತಿತು. ಈಗ ಅಲ್ಲಿ ಮಗ್ಗಿ ಬಂದ ಮಕ್ಕಳು ಬಾರದವರ ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಾರಂತೆ.

ಯುಗಾದಿಯ ಹಿಂದಿನ ವಾರ ನಮ್ಮ ಮನೆಯಲ್ಲಿ ಹೊಲ ಹಂಚುವ ಮಾತು ಬಂದಿತು. ಊರ ಕಡೆಯ ಒಂದು ಹೊಲ, ಪಹಣಿಯಲ್ಲಿ ಮೂರು ಎಕರೆ ಹದಿನೈದು ಗುಂಟೆ ಆರು ಆಣೆ. ರೂಪಾಯಿಯಿಂದ ಎಂದೋ ಹೋದ ಹದಿನಾರು ಆಣೆ ಭೂಮಿಯ ಲೆಕ್ಕದಲ್ಲಿ ಇನ್ನೂ ಉಳಿದಿದೆ: ನಾಲ್ವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ನಾವೂ ನಮ್ಮ ತಮ್ಮನೂ ಕನ್ನಡಕ ಏರಿಸಿಕೊಂಡು ಅದನ್ನು ಎರಡು ಪಾಲು ಮಾಡುತ್ತ ಕುಳಿತಿದ್ದೆವು. ನಮ್ಮ ತಂಗಿ ಒಳಗೆ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಮೊಮ್ಮಗಳು ಹಾಳೆಯನ್ನು ಇಣುಕಿ ನೋಡಿ, "ಅಜ್ಜಾ, ಮೂರು ಪಾಲು ಅಲ್ಲೇನು?" ಎಂದಳು.

ನಾವಿಬ್ಬರೂ ಮಾತನಾಡಲಿಲ್ಲ. ಹುಡುಗಿ ಉತ್ತರಕ್ಕೆ ಕಾಯದೆ ಮೂರು ನಾಲ್ವತ್ಲೆ ನೂರಾ ಇಪ್ಪತ್ತು, ಹದಿನೈದು ಕೂಡಿದರೆ ನೂರಾ ಮೂವತ್ತೈದು, ಮೂರು ನಾಲ್ವತ್ತೈದ್ಲೆ ನೂರಾ ಮೂವತ್ತೈದು, ಮೂರೆರಡ್ಲೆ ಆರು ಎಂದು ಬೆರಳು ಮಡಿಸದೆ ಹೇಳಿಕೊಂಡು ಹೋದಳು. ತಲೆಗೆ ಒಂದು ಎಕರೆ ಐದು ಗುಂಟೆ ಎರಡು ಆಣೆ. ಒಂದಾಣೆಯೂ ಉಳಿಯದೆ, ಒಂದಾಣೆಯೂ ಕಡಿಮೆಯಾಗದೆ ಹಂಚಿಹೋಯಿತು. ನಮ್ಮ ತಮ್ಮ ಮೊದಲು ಬರೆದಿದ್ದ ಹಾಳೆಯನ್ನು ಹರಿದು ಬೇರೆ ಹಾಳೆ ತೆಗೆದುಕೊಂಡ. ನಾವು ತಂಗಿಯನ್ನು ಹೊರಗೆ ಕರೆದೆವು.